ಛದ್ಮವೇಷ ಆಗಬಾರದು: ಸ್ಕಾಟ್ಲೆಂಡ್ ಪರಂಪರೆಯ ಫ್ಯಾಷನ್ ಶೂಟ್, ಬಟ್ಟೆಯಿಂದ ಕ್ಯಾಮೆರಾವರೆಗೆ

ಗಂಡಸರು ಸೊಂಟಕ್ಕೆ ಸುತ್ತುವ ಕೆಂಪು ಚೌಕುಳಿಯ ನೆರಿಗೆಬಟ್ಟೆ ಕಿಲ್ಟು, ತುಪ್ಪಳದ ಚೀಲ, ಬ್ಯಾಗ್‌ಪೈಪು, ಹಿಂದೊಂದು ಕೋಟೆ, ಮೇಲೊಂದಿಷ್ಟು ಮಂಜು. ಇಷ್ಟನ್ನೂ ಒಂದೇ ಫ್ರೇಮಿಗೆ ತುರುಕಿದರೆ ಕೈಗೆ ಬರುವುದು ಶಾಲಾ ವಾರ್ಷಿಕೋತ್ಸವದ ಛದ್ಮವೇಷ. ಸ್ಕಾಟ್ಲೆಂಡಿನ ಉಡುಗೆಗೆ ಅಷ್ಟೊಂದು ಪರಿಕರ ಬೇಡ. ಅಲ್ಲಿನ ಬಟ್ಟೆ ಗಾಳಿ-ಮಳೆಗೆಂದೇ ಹುಟ್ಟಿದ್ದು, ತೂಕದ್ದು. ಸರಿಯಾಗಿ ತೊಡಿಸಿ ಸರಿಯಾದ ಬೆಳಕಿನಲ್ಲಿ ನಿಲ್ಲಿಸಿದರೆ ಅದೊಂದೇ ಫ್ರೇಮು ತುಂಬುತ್ತದೆ. ಹಾಗಾಗಿ ಇಲ್ಲಿ ಪಾಲಿಸುವ ಸೂತ್ರ ಒಂದೇ: ಒಂದು ಲುಕ್‌ಗೆ ಒಂದು ಬಟ್ಟೆ ಯಜಮಾನ. ಉಳಿದದ್ದೆಲ್ಲ ಅದರ ಹಿಂದೆ ನಿಲ್ಲಬೇಕು.

ಲೆಕ್ಕಕ್ಕೆ ಎರಡು ದಿನದ ಶೂಟ್ ಇಟ್ಟುಕೊಳ್ಳೋಣ. ಒಂದು ದಿನ ಎಡಿನ್‌ಬರೋ ನಗರದಲ್ಲಿ, ಇನ್ನೊಂದು ದಿನ ಗ್ಲೆನ್‌ಕೋ ಕಣಿವೆಯಲ್ಲಿ. ಇಬ್ಬರು ಮಾಡೆಲ್, ಫೋಟೋಗ್ರಾಫರ್, ಸಹಾಯಕ, ಸ್ಟೈಲಿಸ್ಟ್, ಮೇಕಪ್ ಮತ್ತು ಕೂದಲಿಗೆ ಒಬ್ಬರು. ಹೊರಾಂಗಣದಲ್ಲಿ ದಿನಕ್ಕೆ ಮೂರು ಲುಕ್ ಸಾಕು. ಒಂದೊಂದು ಬದಲಾವಣೆಗೆ ಅರ್ಧ ಗಂಟೆ ಹಿಡಿಯುತ್ತದೆ. ನಾಲ್ಕನೆಯದನ್ನು ಸೇರಿಸಿದರೆ ನಾಲ್ಕೂ ಅರೆಬರೆ ಆಗುತ್ತವೆ.

ಯಜಮಾನ ಬಟ್ಟೆಯ ಆಯ್ಕೆ

ಟಾರ್ಟನ್ ಎಂದರೆ ಬರೀ ಚೌಕುಳಿ ಅಲ್ಲ. ಹಾಸಿನಲ್ಲಿ ಬಣ್ಣದ ಎಳೆಗಳು ಯಾವ ಕ್ರಮದಲ್ಲಿ, ಎಷ್ಟೆಷ್ಟು ಬರುತ್ತವೋ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅದೇ ಕ್ರಮ ಬರುತ್ತದೆ. ಮತ್ತೆ ಮತ್ತೆ ಬರುವ ಆ ಒಂದು ಘಟಕಕ್ಕೆ ಸೆಟ್ ಎನ್ನುತ್ತಾರೆ. ಟ್ವಿಲ್ ನೇಯ್ಗೆ ಆಗಿರುವುದರಿಂದ ಎರಡು ಬಣ್ಣ ಕೂಡುವ ಕಡೆ ಓರೆ ಗೆರೆಗಳು ಕಾಣುತ್ತವೆ. ಕ್ಯಾಮೆರಾ ಹತ್ತಿರ ಹೋದಾಗ ಬಟ್ಟೆಗೆ ಜೀವ ಕೊಡುವುದೇ ಆ ಓರೆ ಗೆರೆ. ಪ್ರವಾಸಿಗರ ಅಂಗಡಿಯ ಅಕ್ರಿಲಿಕ್ ಕಿಲ್ಟಿನಲ್ಲಿ ಇದು ಸಪ್ಪೆ. ಫ್ಲ್ಯಾಶ್ ಬಿದ್ದರೆ ಹೊಳೆಯುತ್ತದೆ, ನೆರಿಗೆಯೂ ಬೀಳುವುದಿಲ್ಲ. ಬಾಡಿಗೆಗೆ ತಂದರೂ ಸರಿ, ಉಣ್ಣೆಯದನ್ನೇ ತನ್ನಿ. ತೂಕ ಕೇಳಿ: ಗಜಕ್ಕೆ 10-11 ಔನ್ಸಿನದು ಹಗುರ, 13 ಮಧ್ಯಮ, 16 ಭಾರ. ನಡಿಗೆಯ ಶಾಟ್‌ಗೆ 13, ನಿಂತ ಶಾಟ್‌ಗೆ 16. ಎಂಟು ಗಜದ ಭಾರಿ ಕಿಲ್ಟು ಸುಮಾರು ಎರಡು ಕಿಲೋ ತೂಗುತ್ತದೆ. ನೆರಿಗೆ ನೆಟ್ಟಗೆ ನಿಲ್ಲುವುದು ಆ ತೂಕದಿಂದಲೇ.

ಯಾವ ಟಾರ್ಟನ್ ಎಂಬುದೂ ಮುಖ್ಯ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡಿನ ಬಂಡಾಯಗಾರರನ್ನು ಸರ್ಕಾರಿ ಸೈನ್ಯ ಸೋಲಿಸಿದ ಕಲೊಡನ್ ಯುದ್ಧ ನಡೆದದ್ದು 1746ರ ಏಪ್ರಿಲ್ 16ರಂದು. ಅದೇ ವರ್ಷ ಬಂದ ಉಡುಗೆ ಕಾಯಿದೆ ಹೈಲ್ಯಾಂಡಿನ ಗಂಡಸರು ಆ ಉಡುಗೆ ತೊಡುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಗಡೀಪಾರು. ಸೈನ್ಯಕ್ಕೆ ಮಾತ್ರ ವಿನಾಯಿತಿ ಇತ್ತು. ಕಾಯಿದೆ ರದ್ದಾದದ್ದು 1782ರಲ್ಲಿ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ಸ್ವಾಗತವನ್ನೇ ಟಾರ್ಟನ್‌ಮಯ ಮಾಡಿದರು. ಇಂದು ನಾವು ಕಾಣುವ ‘ಕುಲಕ್ಕೊಂದು ಟಾರ್ಟನ್’ ವ್ಯವಸ್ಥೆ ಬಹುಮಟ್ಟಿಗೆ ಆ ಕಾಲದ ಉತ್ಸಾಹದಿಂದ ಬೆಳೆದದ್ದು. ಇಷ್ಟು ತಿಳಿದಿದ್ದರೆ ಮೂಡ್‌ಬೋರ್ಡು ತಾನಾಗಿ ಗಟ್ಟಿಯಾಗುತ್ತದೆ. ಸ್ಕಾಟಿಷ್ ಟಾರ್ಟನ್ ನೋಂದಣಿಯನ್ನು ಆನ್‌ಲೈನಿನಲ್ಲಿ ಉಚಿತವಾಗಿ ಹುಡುಕಬಹುದು. ಆರಿಸಿದ ಟಾರ್ಟನ್ನಿನ ಹೆಸರು ಮತ್ತು ಹಿನ್ನೆಲೆ ಅಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಬಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಮೀಸಲು, ಅದನ್ನು ಬಿಡಿ. ಬ್ಲ್ಯಾಕ್ ವಾಚ್ ಎಂಬ ಕಡುನೀಲಿ-ಹಸಿರು ಟಾರ್ಟನ್ ಯಾರು ತೊಟ್ಟರೂ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಮೈಬಣ್ಣದ ಮಾಡೆಲ್ ಇದ್ದರೆ ಲೂಯಿಸ್ ದ್ವೀಪದ ಮ್ಯಾಕ್ಲಿಯಡ್‌ರ ಹಳದಿ-ಕಪ್ಪು ಟಾರ್ಟನ್ ಪ್ರಯತ್ನಿಸಿ. ಗೋಧಿ ಮೈಬಣ್ಣದ ಮೇಲೆ ಆ ಹಳದಿ ಅರಿಸಿನದಂತೆ ಹೊಂದುತ್ತದೆ.

ಹ್ಯಾರಿಸ್ ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಗೆ ಬ್ರಿಟನ್ನಿನ ಸಂಸತ್ತು 1993ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಬಣ್ಣ ಹಾಕಿ ನೂತ ಹೊಸ ಉಣ್ಣೆ ಆಗಿರಬೇಕು, ದ್ವೀಪವಾಸಿಗಳು ತಮ್ಮ ಮನೆಯ ಮಗ್ಗದಲ್ಲಿ ಕೈಯಾರೆ ನೇಯ್ದಿರಬೇಕು. ಕೋಟಿನ ಒಳಗೆ ಗೋಳದ ಮೇಲೆ ಶಿಲುಬೆ ಇರುವ ಲೇಬಲ್ ಹುಡುಕಿ. ಅದಿಲ್ಲದ್ದನ್ನು ಕ್ಯಾಪ್ಷನ್ನಿನಲ್ಲಿ ಹ್ಯಾರಿಸ್ ಟ್ವೀಡ್ ಎಂದು ಬರೆಯಬಾರದು. ಉಣ್ಣೆಗೆ ನೂಲುವ ಮೊದಲೇ ಬಣ್ಣ ಹಾಕಿ ಬೆರೆಸುತ್ತಾರೆ. ಅದಕ್ಕೇ ದೂರದಿಂದ ಬರೀ ಕಂದು ಕಾಣುವ ಕೋಟಿನಲ್ಲಿ ಹತ್ತಿರ ಹೋದರೆ ಹಳದಿ, ನೀಲಿ, ಇಟ್ಟಿಗೆ ಕೆಂಪಿನ ನವಿರೆಳೆಗಳು ಸಿಗುತ್ತವೆ.

ಶೆಟ್ಲೆಂಡ್ ಕಡೆಯ ಫೇರ್ ಐಲ್ ಹೆಣಿಗೆಯಲ್ಲಿ ಎಷ್ಟೇ ಬಣ್ಣ ಕಂಡರೂ ಒಂದು ಸಾಲಿಗೆ ಎರಡೇ ಬಣ್ಣ. ಬಳಸದ ಎಳೆ ಹಿಂದಿನಿಂದ ಹಾದು ಹೋಗುತ್ತದೆ. ಸ್ವೆಟರನ್ನು ಒಳಮಗ್ಗುಲು ತಿರುಗಿಸಿ ತೊಡಿಸಿದರೆ ಆ ಎಳೆಗಳ ಸಾಲೇ ಬೇರೆ ವಿನ್ಯಾಸವಾಗುತ್ತದೆ. ಖರ್ಚಿಲ್ಲದ, ಆದರೆ ಕಸುಬನ್ನು ತೋರಿಸುವ ಉಪಾಯ.

ಇನ್ನು ಪೇಸ್ಲಿ ಶಾಲು. ನಾವು ಮಾವಿನಕಾಯಿ ಬುಟ್ಟಾ ಎನ್ನುವುದನ್ನೇ ಜಗತ್ತು ಗ್ಲಾಸ್ಗೋ ಪಕ್ಕದ ಪೇಸ್ಲಿ ಎಂಬ ಊರಿನ ಹೆಸರಿನಿಂದ ಕರೆಯುತ್ತದೆ. ಕಾಶ್ಮೀರಿ ಶಾಲುಗಳ ನಕಲಾಗಿ 19ನೇ ಶತಮಾನದ ಆರಂಭದಲ್ಲಿ ಅಲ್ಲಿ ಶುರುವಾದ ನೇಯ್ಗೆ 1870ರ ದಶಕದಲ್ಲಿ ಫ್ಯಾಷನ್ ಬದಲಾದಾಗ ಕುಸಿಯಿತು. ಹಳೆಯ ಅಸಲಿ ಶಾಲು ಸಿಕ್ಕರೆ ಅದಕ್ಕೆ ಪಿನ್ನು ಚುಚ್ಚಬೇಡಿ, ಸ್ಟೀಮ್ ಹಿಡಿಯಬೇಡಿ. ಕಪ್ಪು ಕೋಟಿನ ಮೇಲೆ ಒಂದೇ ಭುಜಕ್ಕೆ ಉದ್ದಕ್ಕೆ ಇಳಿಬಿಟ್ಟು ಸೊಂಟದಲ್ಲಿ ಅಗಲ ಬೆಲ್ಟು ಬಿಗಿಯಿರಿ. ಹಿಡಿದು ನಿಲ್ಲಲು ಅಷ್ಟು ಸಾಕು.

ಕಿಲ್ಟು ತೊಡಿಸುವ ಕ್ರಮ

ಹೆಚ್ಚು ಕೆಡುವುದು ಇಲ್ಲೇ. ಅಳತೆಯಿಂದ ಶುರು ಮಾಡಿ. ಕಿಲ್ಟಿನ ಸೊಂಟ ಎಂದರೆ ಜೀನ್ಸಿನ ಸೊಂಟ ಅಲ್ಲ, ಹೊಕ್ಕುಳ ಮಟ್ಟ. ಹೊಕ್ಕುಳ ಸುತ್ತ ಒಂದು ಅಳತೆ, ಪೃಷ್ಠದ ಅತಿ ಅಗಲದ ಕಡೆ ಒಂದು, ಹೊಕ್ಕುಳಿಂದ ಮಂಡಿಚಿಪ್ಪಿನ ನಡುವಿನವರೆಗೆ ಇನ್ನೊಂದು. ಮಾಡೆಲ್ ನೇರ ಎದುರು ನೋಡುತ್ತಿರಬೇಕು. ತಾವೇ ಬಗ್ಗಿ ಟೇಪು ನೋಡಿದರೆ ಉದ್ದ ತಪ್ಪುತ್ತದೆ.

ತೊಡಿಸುವಾಗ ಶರ್ಟಿನ ನಂತರ ಮೊದಲು ಕಾಲುಚೀಲ ಮತ್ತು ಬೂಟು, ಆಮೇಲೆ ಕಿಲ್ಟು. ತಿರುವುಮುರುವು ಮಾಡಿದರೆ ಲೇಸು ಕಟ್ಟಲು ಬಗ್ಗಿದಾಗ ನೆರಿಗೆಯೆಲ್ಲ ಮುದುಡುತ್ತದೆ. ಕಾಲುಚೀಲದ ಮಡಿಕೆ ಮಂಡಿಚಿಪ್ಪಿಗಿಂತ ಮೂರು-ನಾಲ್ಕು ಬೆರಳು ಕೆಳಗೆ ನಿಲ್ಲಲಿ. ಅದರಡಿ ಕಟ್ಟುವ ಫ್ಲ್ಯಾಶ್ ಎಂಬ ಬಣ್ಣದ ಪಟ್ಟಿ ಕಾಲಿನ ಹೊರಬದಿಗೆ ಎರಡು ಇಂಚು ಕಾಣಲಿ. ಗಿಲ್ಲಿ ಬ್ರೋಗ್ ಬೂಟಿಗೆ ನಾಲಿಗೆ ಇರುವುದಿಲ್ಲ. ಉದ್ದನೆಯ ಲೇಸನ್ನು ಮುಂದೆ ಎರಡು-ಮೂರು ಸಲ ಹುರಿ ಮಾಡಿ ಹಿಮ್ಮಡಿಯ ಮೇಲ್ಗಡೆ ಸುತ್ತಿ ಕಟ್ಟಿ. ಮೀನಖಂಡದವರೆಗೆ ಏರಿಸಿದರೆ ನೃತ್ಯಗಾತಿಯ ಪಾದರಕ್ಷೆಯಂತೆ ಕಾಣುತ್ತದೆ.

ಕಿಲ್ಟು ಸುತ್ತುವಾಗ ನೆರಿಗೆ ಬೆನ್ನ ಹಿಂದೆ, ನೆರಿಗೆಯಿಲ್ಲದ ಎರಡು ಎಪ್ರನ್ ಭಾಗ ಮುಂದೆ. ಒಳ ಎಪ್ರನ್ನಿನ ಪಟ್ಟಿ ಎಡ ಸೊಂಟದ ಸೀಳಿನಿಂದ ಹೊರಬಂದು ಅಲ್ಲಿನ ಬಕಲ್ಲಿಗೆ ಸೇರುತ್ತದೆ. ಹೊರ ಎಪ್ರನ್ ಅದರ ಮೇಲೆ ಹಾದು ಬಲಗಡೆ ಮುಗಿಯುತ್ತದೆ. ಈಗ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಮುಂದಿನ ಎಪ್ರನ್ನಿನ ನಡುಗೆರೆ ಮೈಯ ನಡುಮಧ್ಯ ಇದೆಯೇ? ಅಡ್ಡಗೆರೆಗಳು ನೆಲಕ್ಕೆ ಸಮಾನಾಂತರ ಇವೆಯೇ? ನಡುಗೆರೆ ಬಲಕ್ಕೆ ಸರಿದಿದ್ದರೆ ಬಲ ಬಕಲ್ ಅತಿ ಬಿಗಿ ಎಂದರ್ಥ. ಮುಂದೆ ಇಳಿದು ಹಿಂದೆ ಎದ್ದಿದ್ದರೆ ಕಿಲ್ಟು ಹೊಕ್ಕುಳಿಂದ ಜಾರಿದೆ. ಸಡಿಲವಾದ ಬಟ್ಟೆಗೆ ಬೆನ್ನ ಹಿಂದೆ ಕ್ಲಿಪ್ಪು ಹಾಕುವುದು ಸ್ಟೈಲಿಸ್ಟರ ಕೈ ಅಭ್ಯಾಸ. ಕಿಲ್ಟಿಗೆ ಮಾತ್ರ ಅದು ಬೇಡ, ನೆರಿಗೆಯ ಗೆರೆ ಮುರಿದು ಹೋಗುತ್ತದೆ. ಪಕ್ಕದ ಪಟ್ಟಿಗಳಲ್ಲೇ ಸರಿಪಡಿಸಿ, ಸಾಲದಿದ್ದರೆ ಸೊಂಟಕ್ಕೆ ಒಳಗೊಂದು ತೆಳು ಟವೆಲ್ ಸುತ್ತಿ.

ಕಿಲ್ಟ್ ಪಿನ್ನು ಹೊರ ಎಪ್ರನ್ನಿಗೆ ಮಾತ್ರ, ಬಲ ಕೆಳಮೂಲೆಯಲ್ಲಿ. ಎರಡೂ ಪದರಕ್ಕೆ ಚುಚ್ಚಿದರೆ ಮೊದಲ ದೊಡ್ಡ ಹೆಜ್ಜೆಗೇ ಬಟ್ಟೆ ಎಳೆದು ಹರಿಯುತ್ತದೆ, ಬಾಡಿಗೆಯದಾದರೆ ದಂಡವೂ ಬೀಳುತ್ತದೆ. ಸ್ಪೋರನ್ ಎಂಬ ಮುಂದಿನ ಚೀಲ ಬೆಲ್ಟಿನ ಬಕಲ್ಲಿಗಿಂತ ಒಂದು ಅಂಗೈ ಅಗಲ ಕೆಳಗೆ ತೂಗಬೇಕು. ಸೀಲ್ ಅಥವಾ ಬ್ಯಾಜರ್ ತುಪ್ಪಳದ ಹಳೆಯ ಚೀಲಗಳಿಗೆ ಕಾನೂನಿನ ತೊಡಕು ಇರುತ್ತದೆ, ಚರ್ಮದ್ದೇ ಸಾಕು. ಬಲಗಾಲುಚೀಲದ ಸ್ಕಿಯನ್ ದೂ ಎಂಬ ಪುಟ್ಟ ಚೂರಿಗೆ ರಾಷ್ಟ್ರೀಯ ಉಡುಗೆಯ ಭಾಗವೆಂದು ಸ್ಕಾಟ್ಲೆಂಡಿನ ಕಾನೂನು ವಿನಾಯಿತಿ ಕೊಟ್ಟಿದೆ. ಆದರೆ ಅದನ್ನೇ ಬ್ಯಾಗಿನಲ್ಲಿಟ್ಟು ಊರು ಸುತ್ತುವುದು ಬೇರೆ ಮಾತು. ಹೇಗೂ ಫೋಟೋದಲ್ಲಿ ಹಿಡಿ ಮಾತ್ರ ಕಾಣುವುದು, ಅಲಗಿಲ್ಲದ ಡಮ್ಮಿ ತನ್ನಿ.

ಸಾಗಿಸುವ ಕ್ರಮವನ್ನು ಬ್ಯಾಂಡಿನ ಪೈಪರುಗಳಿಂದ ಕಲಿಯಬೇಕು. ನೆರಿಗೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಕೂರಿಸಿ, ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಎರಡು ಸಾಲು ಹಾಕಿ. ಅಗಲಕ್ಕೆ ಬಿಗಿಯಾಗಿ ಸುರುಳಿ ಸುತ್ತಿ. ಆ ಸುರುಳಿಯನ್ನು ಹೆಂಗಸರ ನೈಲಾನ್ ಸ್ಟಾಕಿಂಗಿನ ಒಂದು ಕಾಲಿಗೆ ತೂರಿಸಿ. ನೈಲಾನ್ ಎಲ್ಲ ಕಡೆಯಿಂದ ಸಮನಾಗಿ ಒತ್ತುವುದರಿಂದ ಸೂಟ್‌ಕೇಸಿನಿಂದ ತೆಗೆದಾಗ ಹೊಸ ಸುಕ್ಕು ಇರುವುದಿಲ್ಲ. ಲೊಕೇಶನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಉಣ್ಣೆಗೆ ನೇರ ತಾಗಿಸಬೇಡಿ, ಹೊಳಪಿನ ಕಲೆ ಬಿದ್ದರೆ ಹೋಗುವುದು ಕಷ್ಟ. ಒದ್ದೆ ಹತ್ತಿಬಟ್ಟೆ ಹಾಸಿ ಒತ್ತಿ ಎತ್ತಿ. ಕಚ್ಚಾ ಹೊಲಿಗೆ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ, ಮಾಡೆಲ್ ಕ್ಯಾಮೆರಾ ಮುಂದೆ ನಿಂತಮೇಲೆ.

ಸೀರೆ ಉಡಿಸಿ ಬಲ್ಲ ಕೈಗೆ ಫೇಲೆ ಮೋರ್

ಹೊಲಿದ ಕಿಲ್ಟು ಬರುವ ಮೊದಲು ಹೈಲ್ಯಾಂಡಿನವರು ಉಡುತ್ತಿದ್ದದ್ದು ಪ್ಲಾಯಿಡ್ ಎಂಬ ಹೊಲಿಗೆಯಿಲ್ಲದ ದೊಡ್ಡ ಹೊದಿಕೆ, ಅಲ್ಲಿನ ಗೇಲಿಕ್ ಭಾಷೆಯಲ್ಲಿ ಫೇಲೆ ಮೋರ್. ಸೃಜನಶೀಲ ಶೂಟ್‌ಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ನೆರಿಗೆ ಹಿಡಿಯಲು ಕಲಿತ ಕನ್ನಡದ ಸ್ಟೈಲಿಸ್ಟಿಗೆ ಇದು ಅರ್ಧ ಬಂದ ವಿದ್ಯೆ. ಬೇಕಾದದ್ದು ಸುಮಾರು 4.5 ಮೀಟರ್ ಉದ್ದ, 1.5 ಮೀಟರ್ ಅಗಲದ ಉಣ್ಣೆ ಟಾರ್ಟನ್, ಅಗಲವಾದ ಚರ್ಮದ ಬೆಲ್ಟು, ಒಂದು ದೊಡ್ಡ ಬ್ರೂಚ್.

1. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬೆಲ್ಟು ಅಡ್ಡಲಾಗಿ. ಬೆಲ್ಟು ಮೊದಲು, ಬಟ್ಟೆ ಆಮೇಲೆ. ಮರೆತರೆ ಇಡೀ ನೆರಿಗೆ ಬಿಚ್ಚಬೇಕು.
2. ಬಟ್ಟೆಯನ್ನು ಬೆಲ್ಟಿನುದ್ದಕ್ಕೆ ಹಾಸಿ. ಎರಡೂ ತುದಿಯಲ್ಲಿ 60-70 ಸೆಂ.ಮೀ. ಹಾಗೇ ಬಿಟ್ಟು ನಡುವಿನದನ್ನು ನಾಲ್ಕು ಬೆರಳಗಲದ ನೆರಿಗೆ ಮಾಡಿ. ಪ್ರತಿ ನೆರಿಗೆಯ ತುದಿಗೆ ಒಂದೇ ಗೆರೆ ಬರುವಂತೆ ಹಿಡಿದರೆ ಹಿಂಭಾಗ ಪಟ್ಟೆಪಟ್ಟೆಯಾಗಿ ಕಾಣುತ್ತದೆ.
3. ಬೆಲ್ಟು ಸೊಂಟಕ್ಕೆ, ಬಟ್ಟೆಯ ಕೆಳಅಂಚು ಮಂಡಿಯ ಹಿಂಭಾಗಕ್ಕೆ ಬರುವಂತೆ ಮಾಡೆಲ್ ಅಂಗಾತ ಮಲಗಲಿ.
4. ಬಿಟ್ಟ ತುದಿಗಳನ್ನು ಒಂದರ ಮೇಲೊಂದು ಮುಂದೆ ತಂದು ಬೆಲ್ಟು ಬಿಗಿದು ಎಬ್ಬಿಸಿ. ಮೇಲಿನ ಅರ್ಧ ಸೊಂಟದ ಸುತ್ತ ಇಳಿಬೀಳುತ್ತದೆ.
5. ಹಿಂದಿನ ಭಾಗ ಎತ್ತಿ ಎಡಭುಜಕ್ಕೆ ತಂದು ಬ್ರೂಚ್ ಹಾಕಿ. ಬಲಗೈ ಬಿಡುವಾಗಿರಲಿ.

ಇಲ್ಲಿಂದ ಮುಂದೆ ನಿಮ್ಮ ಕಲ್ಪನೆ. ಮೇಲ್ಭಾಗವನ್ನು ತಲೆಗೆ ಹೊದಿಸಬಹುದು, ಗಾಳಿಗೆ ಬಿಟ್ಟು ಹಾರಿಸಬಹುದು, ಒಳಗೆ ಶರ್ಟಿನ ಬದಲು ಉಕ್ಕಿನ ಬಣ್ಣದ ರೇಷ್ಮೆ ಬ್ಲೌಸು ಹಾಕಬಹುದು. ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ 2006ರ ಚಳಿಗಾಲದ ಸಂಗ್ರಹದಲ್ಲಿ ತಮ್ಮ ಕುಲದ ಟಾರ್ಟನ್ನಿನ ಪಕ್ಕದಲ್ಲಿ ಲೇಸು ಮತ್ತು ಬಲೆಯಂಥ ತೆಳು ಟ್ಯೂಲ್ ಬಟ್ಟೆ ಇಟ್ಟದ್ದು ಇದೇ ತತ್ವದ ಮೇಲೆ: ಭಾರದ ಬಟ್ಟೆಯ ಪಕ್ಕ ಹಗುರದ್ದು ಬಂದಾಗ ಎರಡೂ ಎದ್ದು ಕಾಣುತ್ತವೆ. ಹೆಣ್ಣಿನ ಉಡುಗೆಯೇ ಬೇಕೆಂದರೆ ಅರಿಸೇಡ್ ಇದೆ. 1703ರ ಸುಮಾರಿಗೆ ಸ್ಕಾಟಿಷ್ ಬರಹಗಾರ ಮಾರ್ಟಿನ್ ಮಾರ್ಟಿನ್ ವರ್ಣಿಸಿದಂತೆ, ಬಿಳಿಯ ಮೇಲೆ ಕಪ್ಪು, ನೀಲಿ, ಕೆಂಪಿನ ಸಣ್ಣ ಗೆರೆಗಳಿರುವ, ಕುತ್ತಿಗೆಯಿಂದ ಕಾಲ್ಗಂಟಿನವರೆಗಿನ ಪ್ಲಾಯಿಡ್. ಎದೆಯಲ್ಲಿ ಬ್ರೂಚ್, ಸೊಂಟಕ್ಕೆ ಬೆಲ್ಟು. ಮಂಜಿನ ಬೂದು ಹಿನ್ನೆಲೆಗೆ ಕೆಂಪು ಟಾರ್ಟನ್ನಿಗಿಂತ ಇದು ಎಷ್ಟೋ ಪಾಲು ಮೇಲು. ಬರೀ ಸ್ಯಾಶ್ ಎಂಬ ಉದ್ದ ಪಟ್ಟಿ ಹಾಕುವುದಾದರೆ ಬಲಭುಜಕ್ಕೆ. ಎಡಭುಜ ಕುಲದ ಮುಖ್ಯಸ್ಥೆಗೆ ಮತ್ತು ಮುಖ್ಯಸ್ಥನ ಹೆಂಡತಿಗೆ ಸಲ್ಲುವ ವಾಡಿಕೆ.

ಜಾಗ, ಕಾಲ, ಅನುಮತಿ

ಎಡಿನ್‌ಬರೋದಲ್ಲಿ ಜೂನ್ ಕೊನೆಗೆ ಬೆಳಗಿನ ನಾಲ್ಕೂವರೆಗೆ ಸೂರ್ಯೋದಯ, ರಾತ್ರಿ ಹತ್ತಕ್ಕೆ ಅಸ್ತ. ಡಿಸೆಂಬರಿನಲ್ಲಿ ಎಂಟೂ ಮುಕ್ಕಾಲರ ಹೊತ್ತಿಗೆ ಹುಟ್ಟಿ ಮೂರೂ ಮುಕ್ಕಾಲರೊಳಗೆ ಮುಳುಗುತ್ತಾನೆ. ಚಳಿಗಾಲದ ಹಗಲು ಚಿಕ್ಕದು, ಆದರೆ ಸೂರ್ಯ ದಿನವಿಡೀ ತಗ್ಗಿನಲ್ಲೇ ಇರುವುದರಿಂದ ನಡುಮಧ್ಯಾಹ್ನವೂ ಓರೆ ಬೆಳಕು ಸಿಗುತ್ತದೆ. ಹೆದರ್ ಹೂವಿನ ನೇರಳೆ ಬೇಕಾದರೆ ಆಗಸ್ಟ್. ಆದರೆ ಆಗ ನಗರದಲ್ಲಿ ಉತ್ಸವದ ಜನಜಂಗುಳಿ, ಬೆಟ್ಟದಲ್ಲಿ ನುಸಿ. ಮಿಜ್ ಎಂಬ ಈ ಕಚ್ಚುವ ನುಸಿ ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ, ಗಾಳಿಯಿಲ್ಲದ ತೇವದ ಬೆಳಗು-ಸಂಜೆಗಳಲ್ಲಿ ಮುತ್ತುತ್ತದೆ. ಬರಿಮಂಡಿಯ ಮಾಡೆಲ್ ಐದು ನಿಮಿಷ ನಿಲ್ಲಲಾರರು. ಎರಡೂ ತಾಪತ್ರಯ ಬೇಡವಾದರೆ ಅಕ್ಟೋಬರ್ ಒಳ್ಳೆಯದು: ಬ್ರಾಕನ್ ಜರಿಗಿಡ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ಟ್ವೀಡಿಗೆ ಅದಕ್ಕಿಂತ ಹೊಂದುವ ಹಿನ್ನೆಲೆ ಇಲ್ಲ.

ಎಡಿನ್‌ಬರೋ ಕೋಟೆ, ಲಿನ್‌ಲಿಥ್ಗೋ ಅರಮನೆ, ಕ್ಯಾಲನಿಶ್ ಕಲ್ಲುಗಳು ಹಿಸ್ಟಾರಿಕ್ ಎನ್ವಿರಾನ್ಮೆಂಟ್ ಸ್ಕಾಟ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ಉಸ್ತುವಾರಿಯಲ್ಲಿವೆ. ವಾಣಿಜ್ಯ ಶೂಟ್‌ಗೆ ಮುಂಚಿತ ಅನುಮತಿ ಬೇಕು. ಗ್ಲೆನ್‌ಕೋ ಕಣಿವೆಯ ಬಹುಭಾಗ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನದು, ಅವರಿಗೂ ಬರೆಯಿರಿ. 2003ರ ಭೂಸುಧಾರಣಾ ಕಾಯಿದೆ ನಡೆದು ತಿರುಗುವ ಹಕ್ಕು ಕೊಟ್ಟಿದೆ, ಗಾಡಿ ಓಡಿಸುವ ಹಕ್ಕನ್ನಲ್ಲ. ಒಂಟಿ ಪಥದ ರಸ್ತೆಗಳಲ್ಲಿ ಎದುರು ವಾಹನಕ್ಕೆ ಬಿಟ್ಟ ಜಾಗದಲ್ಲಿ ವ್ಯಾನ್ ನಿಲ್ಲಿಸಬೇಡಿ. ಲೂಯಿಸ್, ಹ್ಯಾರಿಸ್ ದ್ವೀಪಗಳಿಗೆ ಹೋಗುವುದಾದರೆ ಭಾನುವಾರ ಶೂಟ್ ಇಡಬೇಡಿ; ಅಲ್ಲಿ ಅನೇಕರು ಆ ದಿನವನ್ನು ನಿಷ್ಠೆಯಿಂದ ಆಚರಿಸುತ್ತಾರೆ. ಕಲೊಡನ್ ಮೈದಾನದಲ್ಲಿ ಕುಲಗಳ ಸಮಾಧಿ ಕಲ್ಲುಗಳಿವೆ. ಅದು ಪೋಸು ಕೊಡುವ ಜಾಗವಲ್ಲ.

ನಮ್ಮ ನಾಡಿಗೆ ನಿಜವಾದ ನಂಟಿರುವ ಕಥೆ ಹುಡುಕುವವರಿಗೆ ಒಂದು ಮಾತು. 1799ರ ನಂತರ ಮೈಸೂರು ಸೀಮೆಯನ್ನು ಅಳೆದು ಶಾಸನ, ಕೈಫಿಯತ್ತುಗಳನ್ನು ಕೂಡಿಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವರು. ಮೆಕೆಂಜಿ ಟಾರ್ಟನ್, ಮಾವಿನಕಾಯಿ ಬುಟ್ಟಾದ ಮೈಸೂರು ರೇಷ್ಮೆ, ಹಳೆಯ ನಕ್ಷೆ: ಇವಿಷ್ಟರಲ್ಲಿ ಒಂದು ಪೂರ್ತಿ ಸಂಪಾದಕೀಯ ಶೂಟ್ ಅಡಗಿದೆ.

ಬೆಳಕು, ಕ್ಯಾಮೆರಾ, ಮೈ

ನೆರಿಗೆ ಕಾಣಬೇಕೆಂದರೆ ಬೆಳಕು ಪಕ್ಕದಿಂದ, ಸುಮಾರು 45 ಡಿಗ್ರಿ ಓರೆಯಲ್ಲಿ ಬರಬೇಕು. ಎದುರು ಬೆಳಕಿನಲ್ಲಿ ನೆರಿಗೆಯೆಲ್ಲ ಚಪ್ಪಟೆ. ಬ್ಲ್ಯಾಕ್ ವಾಚ್‌ನ ಕಡುನೀಲಿ-ಹಸಿರು ಮೋಡದಡಿ ಬರೀ ಕಪ್ಪಾಗುತ್ತದೆ. ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಏರಿಸಿ, ಬಿಳಿ ರಿಫ್ಲೆಕ್ಟರನ್ನು ಮಂಡಿಯ ಮಟ್ಟದಲ್ಲಿ ಹಿಡಿಸಿ. ರಾಯಲ್ ಸ್ಟುವರ್ಟ್‌ನಂಥ ಕೆಂಪು ಟಾರ್ಟನ್ನಿಗೆ ತದ್ವಿರುದ್ಧ. ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆಯಾದ ಹಿಸ್ಟೊಗ್ರಾಮಿನಲ್ಲಿ ಕೆಂಪು ಚಾನಲ್ ಬೇರೆಯಾಗಿ ನೋಡಿ, ಅದು ಬಲಗೋಡೆಗೆ ಬಡಿದಿದ್ದರೆ ಇಳಿಸಿ. ಒಟ್ಟು ಹಿಸ್ಟೊಗ್ರಾಮ್ ಸರಿ ಕಂಡರೂ ಕೆಂಪಿನೊಳಗಿನ ಎಳೆಗಳು ಕರಗಿ ಹೋಗಿರುತ್ತವೆ.

ಮೀನಿನ ಮುಳ್ಳಿನಂಥ ಸಣ್ಣ ಹೆರಿಂಗ್‌ಬೋನ್ ವಿನ್ಯಾಸದ ಟ್ವೀಡ್ ಸೆನ್ಸರಿನಲ್ಲಿ ಮುವಾರೆ ಎಂಬ ಅಲೆಅಲೆ ಬಣ್ಣ ಹುಟ್ಟಿಸುತ್ತದೆ. ಕ್ಯಾಮೆರಾ ಪರದೆಯೂ ಸುಳ್ಳು ಮುವಾರೆ ತೋರಿಸುತ್ತದೆ, ಹಾಗಾಗಿ ನೂರು ಶೇಕಡಾ ಹಿಗ್ಗಿಸಿ ಖಚಿತ ಮಾಡಿಕೊಳ್ಳಿ. ನಿಜವೇ ಆಗಿದ್ದರೆ ಅರ್ಧ ಮೀಟರ್ ಮುಂದೆ-ಹಿಂದೆ ಸರಿಯಿರಿ ಅಥವಾ ಕೋನ ಬದಲಿಸಿ. ಎಡಿಟಿಂಗಿನಲ್ಲಿ ತೆಗೆಯಲು ಹೋದರೆ ಬಟ್ಟೆಯ ಬಣ್ಣವೇ ಸಾಯುತ್ತದೆ. ಪೂರ್ಣ ದೇಹದ ಶಾಟ್‌ಗೆ ಲೆನ್ಸು ಸೊಂಟದ ಎತ್ತರದಲ್ಲಿರಲಿ. ಕಣ್ಣೆತ್ತರದಿಂದ ಕೆಳಮುಖ ಹಿಡಿದರೆ ಕಿಲ್ಟಿನ ಚೌಕಗಳು ಕುಗ್ಗಿ ಕಾಲು ಗಿಡ್ಡವಾಗುತ್ತದೆ. ಮಾಡೆಲ್ ತಿರುಗಿ ನೆರಿಗೆ ಬೀಸುವಾಗ ಸೆಕೆಂಡಿನ 1/1000, ಬೇಕೆಂದೇ ಮಸುಕು ಬೇಕಾದರೆ 1/30.

ಕಣಿವೆಯ ಗಾಳಿಗೆ ಫ್ಲ್ಯಾಶಿನ ಛತ್ರಿ ನಿಲ್ಲುವುದಿಲ್ಲ. ಸಣ್ಣ ಸಾಫ್ಟ್‌ಬಾಕ್ಸು, ಸ್ಟ್ಯಾಂಡಿಗೆ ಮರಳುಚೀಲ, ಜೊತೆಗೆ ಸಹಾಯಕನ ಕೈ. ಕೂದಲನ್ನು ಗಾಳಿಯ ವಿರುದ್ಧ ಸ್ಪ್ರೇಯಿಂದ ಕಾಯುವ ಬದಲು ಸಡಿಲ ಜಡೆ ಹಾಕಿ, ಒಂದಿಷ್ಟು ಎಳೆ ಬಿಟ್ಟುಬಿಡಿ. ಚಳಿಗೆ ಮಂಡಿ ಬೂದುಬೂದಾಗುತ್ತದೆ, ಕಂದು ಮೈಬಣ್ಣದಲ್ಲಿ ಇನ್ನೂ ಹೆಚ್ಚು. ಪ್ರತಿ ಶಾಟ್‌ಗೆ ಮೊದಲು ಮಂಡಿಗೆ ಎಣ್ಣೆಯಂಶದ ಕ್ರೀಮು ತಿಕ್ಕಿ. ಮೇಕಪ್ಪಿನವರು ಮುಖದಲ್ಲೇ ಮುಳುಗಿರುವುದರಿಂದ ಈ ಕೆಲಸವನ್ನು ಸ್ಟೈಲಿಸ್ಟ್ ವಹಿಸಿಕೊಳ್ಳಲಿ. ಮಾಡೆಲ್‌ಗೆ ಶಾಟ್ ನಡುವೆ ಕಂಬಳಿ, ಬಿಸಿನೀರಿನ ಚೀಲ, ಫ್ಲಾಸ್ಕಿನ ಚಹಾ ಕೊಡಲೇಬೇಕು; ನಡುಗುವ ಮೈಯಲ್ಲಿ ಯಾವ ಉಡುಗೆಯೂ ಕೂರುವುದಿಲ್ಲ.

ಮಳೆ ಬಂದರೆ ಕೆಲಸ ನಿಲ್ಲಿಸಬೇಡಿ. ಉಣ್ಣೆ ತನ್ನ ತೂಕದ ಮೂರನೇ ಒಂದರ ಹತ್ತಿರದಷ್ಟು ತೇವ ಹೀರಿದರೂ ಕೈಗೆ ಒದ್ದೆ ಎನಿಸುವುದಿಲ್ಲ. ತುಂತುರಿನಲ್ಲಿ ಟ್ವೀಡಿನ ಮೇಲೆ ಕೂರುವ ಹನಿಗಳು ಯಾವ ಸ್ಟುಡಿಯೋದಲ್ಲೂ ಸಿಗವು, 100 ಎಂ.ಎಂ. ಮ್ಯಾಕ್ರೋ ಲೆನ್ಸಿನಿಂದ ಆ ಕ್ಷಣಕ್ಕೇ ಹತ್ತಿರದ ಶಾಟ್ ತೆಗೆದುಕೊಳ್ಳಿ. ಆದ್ದರಿಂದ ದಿನದ ಸರದಿ ಹೀಗಿರಲಿ: ಬೆಳಗಿನ ಓರೆ ಬೆಳಕಿಗೆ ಕಿಲ್ಟು, ಗಾಳಿ ಏಳುವ ಹೊತ್ತಿಗೆ ಫೇಲೆ ಮೋರ್, ಮೋಡ ಕವಿದ ಮಧ್ಯಾಹ್ನಕ್ಕೆ ಟ್ವೀಡ್ ಮತ್ತು ಹೆಣಿಗೆ. ಪೇಸ್ಲಿ ಶಾಲು ನಗರದ ದಿನಕ್ಕೆ, ಸೂರಿನಡಿ ಮಾತ್ರ. ನೆನೆದ ಕಿಲ್ಟನ್ನು ಹೀಟರಿನ ಮೇಲೆ ಹಾಕದೆ, ಕ್ಲಿಪ್ ಹ್ಯಾಂಗರಿನಲ್ಲಿ ತೂಗುಹಾಕಿ ತಾನಾಗಿ ಒಣಗಲು ಬಿಡಿ.

ಎಡಿಟಿಂಗಿಗೆ ಪ್ರತಿ ಬಟ್ಟೆಯೊಂದಿಗೆ ಬೂದು ಕಾರ್ಡಿನ ಒಂದು ಫ್ರೇಮ್ ತೆಗೆದಿಡಿ. ಹೆದರ್‌ನ ನೇರಳೆ ಏರಿಸುವ ಭರದಲ್ಲಿ ಟಾರ್ಟನ್ನಿನ ನೀಲಿಯೂ ನೇರಳೆಗೆ ತಿರುಗುತ್ತದೆ, ಬಟ್ಟೆಯನ್ನು ಮಾಸ್ಕ್ ಮಾಡಿ ಬೇರೆ ಇಡಿ. ಪ್ರಕಟಿಸುವಾಗ ಕ್ಯಾಪ್ಷನ್ನಿನಲ್ಲಿ ಟಾರ್ಟನ್ನಿನ ಹೆಸರು, ನೇಯ್ದ ಗಿರಣಿ ಅಥವಾ ಹೆಣೆದವರ ಹೆಸರು, ತೆಗೆದ ಜಾಗ, ಈ ಮೂರೂ ಇರಲಿ. ಮಾಡೆಲ್ ಮತ್ತು ಡಿಸೈನರ್ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ.